ನೆವಿಲ್ ಬಿಟ್ಟುಹೋದ ಜಾಗ

ಕಾವೂರು, ಮಂಗಳೂರು
11 ಮಾರ್ಚ್ 2025

ತೆರೆಸಾ ಆಂಟಿಗೆ ಭಾರ್ಗವಿಯ ನಮಸ್ಕಾರ.

ನಾನು ನಿಮ್ಮ ಮಗ ನೆವಿಲ್‌ನ ಕ್ಲಾಸಿನವಳು, ಚಿತ್ರಕಲೆಯ ಕೊನೆಯ ವರ್ಷ. ಜನವರಿಯಲ್ಲಿ ಅವನನ್ನು ಕಳಿಸಿಕೊಡಲು ಕುಲಶೇಖರದ ಇಗರ್ಜಿಗೆ ನಾವೆಲ್ಲ ಬಂದಿದ್ದೆವು. ಮಣ್ಣು ಹಾಕುವಾಗ ನಾನು ನಿಮ್ಮ ಎದುರಿಗೇ ನಿಂತಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. "ಭಟ್ರ ಮಗಳು ಮೀನು ಕಂಡರೆ ಮಾರು ದೂರ ಓಡ್ತಾಳೆ" ಎಂದು ನೆವಿಲ್ ಮನೆಯಲ್ಲಿ ಯಾರ ಬಗ್ಗೆಯಾದರೂ ನಗಾಡಿದ್ದರೆ, ಅದು ನಾನೇ.

ನಿಮಗೆ ಫೋನ್ ಮಾಡಿ ಮಾಡಿ ಸಾಕಾಗಿ ಮಸ್ಕತ್ತಿನಲ್ಲಿರುವ ನೆವಿಲ್‌ನ ಅಪ್ಪ ಅಲೆಕ್ಸ್ ಅಂಕಲ್‌ಗೆ ಮೆಸೇಜ್ ಹಾಕಿದೆ. "ಅವಳು ಫೋನ್ ಮುಟ್ಟುವುದಿಲ್ಲ ಮಗಾ, ಕಾಗದ ಬರಿ, ಓದ್ತಾಳೆ" ಎಂದರು. ನಾನು ಹುಟ್ಟಿದ ಮೇಲೆ ಯಾರಿಗೂ ಕಾಗದ ಬರೆದವಳಲ್ಲ. ತಪ್ಪಿದ್ದರೆ ಬೈಯಬೇಡಿ.

ವಿಷಯ ಇಷ್ಟು. ಏಪ್ರಿಲ್ ಮೊದಲ ವಾರ ಕೊಡಿಯಾಲ್‌ಬೈಲಿನ ಒಂದು ಹಾಲಿನಲ್ಲಿ ನಮ್ಮ ಗುಂಪಿನ ಚಿತ್ರ ಪ್ರದರ್ಶನ ಮಾಡುತ್ತಿದ್ದೇವೆ. ನಾನು, ರೂಬನ್, ಕಾಟಿಪಳ್ಳದ ರೈಹಾನಾ, ಸುಘೋಷ. ಐದನೆಯವನು ನೆವಿಲ್. ಹಾಲ್ ಹಿಡಿಯಲು ಓಡಾಡಿದ್ದು ಅವನೇ, ಹೆಸರಿಟ್ಟದ್ದೂ ಅವನೇ, "ಒಳಗೆ ಯಾರುಂಟು" ಅಂತ. ಯಾರ ಮನೆಗೆ ಹೋದರೂ ಹೊರಗಿನಿಂದಲೇ ಹಾಗೆ ಬೊಬ್ಬೆ ಹಾಕುತ್ತಿದ್ದನಲ್ಲ. ಅವನು ಹೋದ ಮೇಲೆ ಮಾಡುವುದೋ ಬಿಡುವುದೋ ಎಂದು ಜಗಳವೇ ಆಯಿತು. ಬಿಟ್ಟರೆ ಅವನಿಗೆ ಇನ್ನೊಮ್ಮೆ ಮಣ್ಣು ಹಾಕಿದ ಹಾಗೆ ಎಂದು ನಾನು ಹಟ ಹಿಡಿದೆ. ಈಗ ಎಲ್ಲದರ ಓಡಾಟ ನನ್ನ ತಲೆಗೇ ಬಂದಿದೆ, ಇರಲಿ.

ಅವನ ದೊಡ್ಡ ಆಯಿಲ್ ಪೇಂಟಿಂಗ್ ನಮ್ಮ ಸ್ಟುಡಿಯೋದಲ್ಲೇ ಉಂಟು. ನೀವು ಹಿತ್ತಿಲ ಮೆಟ್ಟಿಲಲ್ಲಿ ಕೂತು ಬಂಗುಡೆ ಮೀನು ಕ್ಲೀನ್ ಮಾಡುತ್ತಾ ತಲೆ ಎತ್ತಿದ ಚಿತ್ರ. ಅದನ್ನು ಪ್ರದರ್ಶನದಲ್ಲಿ ಹಾಕಲು ನಿಮ್ಮ ಒಪ್ಪಿಗೆ ಬೇಕು. ಇಲ್ಲ ಎಂದರೆ ಇಲ್ಲ, ಒತ್ತಾಯ ಮಾಡುವುದಿಲ್ಲ. ಆದರೆ ಇಲ್ಲ ಎನ್ನಬೇಡಿ ಆಂಟಿ.

ನಿಮ್ಮ ಉತ್ತರಕ್ಕೆ ಗೇಟಿನಲ್ಲೇ ಕಾಯುವ
ಭಾರ್ಗವಿ

* * *

ಕುಲಶೇಖರ
19 ಮಾರ್ಚ್ 2025

ಭಾರ್ಗವಿ,

ಮೊದಲನೆಯದಾಗಿ, ಆಂಟಿ ಗೀಂಟಿ ಬೇಡ. ಇಡೀ ಕುಲಶೇಖರಕ್ಕೆ ನಾನು ಟೀಚರ್. ಕನ್ನಡ ಮೀಡಿಯಂ ಮಕ್ಕಳಿಗೆ ಅಕ್ಷರ ತಿದ್ದಿಸಿ ರಿಟೈರ್ ಆದವಳು. ಮನೆಯಲ್ಲಿ ಕೊಂಕಣಿ ಆದರೂ ಕಾಗದ ಎಂದರೆ ನನಗೆ ಕನ್ನಡವೇ. ನಿನ್ನ ಕಾಗದದಲ್ಲಿ ತಪ್ಪು ಹುಡುಕಲು ಪೆನ್ನು ಹಿಡಿದೇ ಕೂತೆ. ಹೆಚ್ಚೇನೂ ಸಿಗಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

ನೀನು ಎದುರಿಗೆ ನಿಂತದ್ದು ನೆನಪಿಲ್ಲ. ಅವತ್ತಿನದು ಯಾವುದೂ ನೆನಪಿಲ್ಲ. ಫೋನಿನ ವಿಷಯ ಅಲೆಕ್ಸ್ ಹೇಳಿದ್ದು ಸರಿ. ಅವನು ಹೋದ ದಿನ ಮಧ್ಯಾಹ್ನ ಗಂಜಿಗೆ ಕೂತವಳು ಎಂಜಲು ಕೈಯಲ್ಲೇ ಫೋನ್ ಎತ್ತಿದೆ. ಆ ಕಡೆಯಿಂದ ಯಾರೋ, "ಪಡೀಲ್ ಹತ್ತಿರ ಒಂದು ಬೈಕ್ ಬಿದ್ದಿದೆ, ಇದು ಆ ಹುಡುಗನ ಮನೆಯಾ?" ಎಂದರು. ಆಮೇಲೆ ಆ ಫೋನ್ ರಿಂಗಾದರೆ ನಾನು ಎದ್ದು ಹಿತ್ತಿಲಿಗೆ ಹೋಗುತ್ತೇನೆ. ಇಗರ್ಜಿಯಲ್ಲಿ ಅವನ ತಿಂಗಳ ಪೂಜೆ ಮುಗಿದ ಮೇಲೆ ಅಲೆಕ್ಸ್ ಮಸ್ಕತ್ತಿಗೆ ಹಿಂದೆ ಹೋದರು. ರಜೆ ಇಲ್ಲ. ಮನೆಯಲ್ಲಿ ನಾನು ಮತ್ತು ಒಂದು ಕಳ್ಳ ಬೆಕ್ಕು.

ಚಿತ್ರ ಹಾಕಿ. ನನ್ನ ಅಡ್ಡಿಯಿಲ್ಲ. ಅದಕ್ಕಾಗಿ ಆ ಮೆಟ್ಟಿಲಲ್ಲಿ ಎಷ್ಟು ದಿನ ನನ್ನನ್ನು ಕೂರಿಸಿದ ಗೊತ್ತುಂಟಾ? "ಮಮ್ಮೀ, ಅಲ್ಲಾಡಬೇಡ" ಎನ್ನುವುದು, ಮೀನಿಗೆ ನೊಣ ಮುತ್ತುವುದು, ಬೆಕ್ಕು ಹಿಂದಿನಿಂದ ಬಂದು ಬಂಗುಡೆ ಎಳೆಯುವುದು. "ಇವನ ಚಿತ್ರಕ್ಕಿಷ್ಟು ಬೆಂಕಿ ಬೀಳಲಿ, ಸಾರಿಗೆ ಮೀನು ಉಳಿಯುವುದಿಲ್ಲ" ಎಂದು ತಲೆ ಎತ್ತಿ ಬೈದೆ. "ಹಾ! ಇದೇ! ಹೀಗೇ ಇರು!" ಎಂದು ಕುಣಿದ. ಬೈಯಲೂ ಬಿಡಲಿಲ್ಲ, ನಗಲೂ ಬಿಡಲಿಲ್ಲ.

ಕ್ರಿಸ್ಮಸ್ ಮುಗಿದ ಮೇಲೆ ಕಾಲೇಜಿಗೆ ಕೊಂಡುಹೋದ. ಆಗ ಮುಖದಲ್ಲಿ ಕಣ್ಣು ಇರಲಿಲ್ಲ. "ಕಣ್ಣು ಎಲ್ಲಕ್ಕಿಂತ ಕಡೆಗೆ, ಇನ್ನೊಂದು ಸಲ ಕೂರಬೇಕು" ಎಂದಿದ್ದ. ಆಮೇಲೆ ಅಲ್ಲಿಯೇ ಬರೆದನೋ, ಹಾಗೇ ಬಿಟ್ಟನೋ, ನನಗೆ ಗೊತ್ತಿಲ್ಲ.

ಒಂದೇ ಮಾತು. ಅವನ ಚಿತ್ರಕ್ಕೆ ಹೂಮಾಲೆ ಹಾಕಬೇಡಿ, ಮೇಣದ ಬತ್ತಿ ಇಡಬೇಡಿ. ನಿಮ್ಮೆಲ್ಲರ ನಡುವೆ ಒಂದಾಗಿ ನೇತಾಡಲಿ. ನನ್ನ ಮಗ ಸಂತನೂ ಅಲ್ಲ, ಗೋಡೆಗೆ ಹಾಕಿದ ಅಜ್ಜನೂ ಅಲ್ಲ.

ತೆರೆಸಾ ಟೀಚರ್

* * *

ಕಾವೂರು
28 ಮಾರ್ಚ್ 2025

ಪ್ರೀತಿಯ ಟೀಚರ್,

ನಿಮ್ಮ ಕಾಗದ ಬಂದ ದಿನ ಸ್ಟುಡಿಯೋದಲ್ಲಿ ಗಟ್ಟಿಯಾಗಿ ಓದಿದೆ. ಬೆಕ್ಕಿನ ಕತೆಗೆ ಎಲ್ಲರೂ ನಕ್ಕರು. ಆಮೇಲೆ ರೈಹಾನಾ ಬ್ರಷ್ ತೊಳೆಯುವ ನೆವ ಹೇಳಿ ಹೊರಗೆ ಹೋದಳು, ಬರಲಿಕ್ಕೇ ಇಲ್ಲ.

ಪ್ರದರ್ಶನ ಮಾಡುವುದೆಂದರೆ ಚಿತ್ರ ಬರೆಯುವುದು ಎಂದು ನಾನು ತಿಳಿದಿದ್ದೆ. ದೇವರೇ, ಅದು ಮದುವೆ ಮನೆ! ಮೊಳೆ ಹೊಡೆಯಬಾರದು ಎನ್ನುತ್ತಾರೆ ಹಾಲಿನವರು. ಮೊಳೆ ಇಲ್ಲದೆ ನನ್ನ ಚಿತ್ರ ನಿಲ್ಲುವುದಿಲ್ಲ ಎನ್ನುತ್ತಾನೆ ಸುಘೋಷ. ಅವನಿಗೂ ರೂಬನ್‌ಗೂ ಎಣ್ಣೆ ಸೀಗೆಕಾಯಿ, ಒಬ್ಬ ಲೈಟ್ ಹಾಕಿದರೆ ಇನ್ನೊಬ್ಬ ಆರಿಸುತ್ತಾನೆ. ಪಡುವಣ ಗೋಡೆಯಲ್ಲಿ ಹಸಿ ಉಂಟು, ಅಲ್ಲಿ ಯಾರಿಗೂ ಬೇಡ. ಕೊನೆಗೆ ಗೋಡೆಗೆ ಚೀಟಿ ಹಾಕಿದೆವು. ನೆವಿಲ್‌ನ ಚೀಟಿ ರೈಹಾನಾ ಎತ್ತಿದಳು. ಬಂತು ನೋಡಿ, ಬಾಗಿಲಿಗೆ ನೇರ ಎದುರಿನ ಗೋಡೆ! ಒಳಗೆ ಕಾಲಿಟ್ಟವರು ಮೊದಲು ನೋಡುವುದೇ ನಿಮ್ಮನ್ನು. ನನಗೆ ಹಸಿ ಗೋಡೆ ಬಂತು, ನನ್ನ ಹಣೆಬರಹ.

ಉದ್ಘಾಟನೆಯ ದೀಪವನ್ನೂ ನಿಮ್ಮ ಚಿತ್ರದ ಎದುರೇ ಇಡುವುದು, ಬೇರೆ ಜಾಗ ಇಲ್ಲ. ಮೊನ್ನೆ ಅಪ್ಪ ದೀಪದ ಕಂಬ ತಂದುಕೊಡಲು ಸ್ಟುಡಿಯೋಗೆ ಬಂದರು. ದೇವಸ್ಥಾನದಲ್ಲಿ ಪೂಜೆ ಮಾಡುವವರು, ಚಿತ್ರ ಗಿತ್ರ ಗೊತ್ತಿಲ್ಲ. ನಿಮ್ಮ ಚಿತ್ರದ ಎದುರು ತುಂಬ ಹೊತ್ತು ನಿಂತರು. "ಮೀನಿಗೆ ಕಣ್ಣು ಉಂಟು, ಅಮ್ಮನಿಗೆ ಇಲ್ಲವಾ?" ಎಂದರು. "ಕಣ್ಣು ತೆರೆಯದ ಮುಖದ ಎದುರು ದೀಪ ಹಚ್ಚಬಾರದು ಭಾರ್ಗವಿ. ವಿಗ್ರಹಕ್ಕೂ ಶಿಲ್ಪಿ ಕಡೆಗೆ ಕಣ್ಣು ಬಿಡಿಸಿದ ಮೇಲೆಯೇ ದೀಪ." ಅಷ್ಟೇ ಹೇಳಿದರು, ಹೋದರು. ನಾನು ನಗಾಡಿ ಬಿಡಬೇಕು ಎಂದುಕೊಂಡೆ. ಆಗಲಿಲ್ಲ. ನಮ್ಮ ಮನೆಯಲ್ಲಿ ಬೆಳೆದವರಿಗೆ ಅಂಥ ಮಾತು ಒಳಗೆ ಹೊಕ್ಕರೆ ಮುಳ್ಳಿನ ಹಾಗೆ.

ನೀವು ಕೇಳಿದ್ದೀರಿ, ಅವನು ಕಣ್ಣು ಬರೆದನೋ ಇಲ್ಲವೋ ಎಂದು. ಬಂದು ನೋಡಿ ಟೀಚರ್. ಈಗ ನಿಮ್ಮ ಮುಖ ಪೂರ್ತಿ ಉಂಟು. ಯಾವ ಕೊರತೆಯೂ ಇಲ್ಲ. ನಿಮಗಾಗಿಯೇ, ನೆವಿಲ್‌ಗಾಗಿಯೇ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಬರೆದರೆ ರುಚಿ ಹೋಗುತ್ತದೆ.

ನಾಲ್ಕರಿಂದ ಆರನೇ ತಾರೀಕು. ನಿಮಗೆ ಉಪವಾಸ ಕಾಲ ಎಂದು ಗೊತ್ತು. ಆದರೂ ಬನ್ನಿ. ಆಟೋ ಕಳಿಸಲಾ? ಹೂಮಾಲೆ ಇಲ್ಲ, ಬತ್ತಿ ಇಲ್ಲ, ಮಾತು ಕೊಟ್ಟಿದ್ದೇನೆ.

ನಿಮ್ಮನ್ನು ಬಾಗಿಲಲ್ಲಿ ಎದುರುಗೊಳ್ಳುವ
ಭಾರ್ಗವಿ

* * *

ಕುಲಶೇಖರ
7 ಏಪ್ರಿಲ್ 2025

ಭಾರ್ಗವಿ,

ಶನಿವಾರ ನಾನು ಬಂದೆ. ನೀನು ಬಾಗಿಲಿಗೆ ಓಡಿಬಂದು ಕೈ ಹಿಡಿದೆ. ನಾನು ಎದುರಿನ ಗೋಡೆ ನೋಡಿ, ಕೈ ಬಿಡಿಸಿಕೊಂಡು ಹೊರಟುಬಂದೆ. ನಿನ್ನ ಗೆಳೆಯರೆಲ್ಲ ನೋಡುತ್ತಿದ್ದರು. ಟೀಚರಿಗೆ ದುಃಖ ತಡೆಯಲಿಲ್ಲ ಎಂದುಕೊಂಡಿರಬಹುದು. ದುಃಖ ಅಲ್ಲ, ಸಿಟ್ಟು. ಅಲ್ಲೇ ಬಾಯಿ ಬಿಟ್ಟಿದ್ದರೆ ಬಂದ ಜನರ ಎದುರು ನಿನ್ನ ಮರ್ಯಾದೆ ಉಳಿಯುತ್ತಿರಲಿಲ್ಲ. ಅದಕ್ಕೇ ಹೊರಟುಬಂದೆ.

ಆ ಕಣ್ಣು ನೆವಿಲ್ ಬರೆದದ್ದಲ್ಲ.

ನನಗೆ ಚಿತ್ರಕಲೆ ಗೊತ್ತಿಲ್ಲ. ಆದರೆ ನನ್ನ ಮುಖ ನನಗೆ ಗೊತ್ತು. ಅವನು ಬರೆದ ಬಾಯಿ ನೋಡಿದೆಯಾ? ಬೆಕ್ಕಿಗೂ ಅವನಿಗೂ ಸೇರಿಸಿ ಬೈಯಲು ಹೊರಟು, ನಗು ಬಂದು, ಅದನ್ನು ಒಳಗೇ ಹಿಡಿದ ಬಾಯಿ ಅದು. ಅದರ ಮೇಲಿರುವ ಕಣ್ಣು ಎಂಥದ್ದು? ಒಣಗಿ ಹೋದದ್ದು. ಎಲ್ಲಿ ನೋಡಬೇಕೆಂದು ಗೊತ್ತಿಲ್ಲದ್ದು. ಕನ್ನಡಿಯಲ್ಲಿ ನಾನು ಈಗ ದಿನಾ ನೋಡುವ ಕಣ್ಣು. ಯಾರ ಕೈ ಅದು? ನಿನ್ನದೇ ಇರಬೇಕು. ಮಣ್ಣು ಹಾಕುವಾಗ ಎದುರಿಗೆ ನಿಂತಿದ್ದೆ ಎಂದು ನೀನೇ ಬರೆದಿದ್ದಿ.

ಭಾರ್ಗವಿ, ಆ ಮೆಟ್ಟಿಲಲ್ಲಿ ಕೂತವಳ ಮಗ ಬದುಕಿದ್ದ. ಅವಳು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಸಾರಿಗೆ ಮೀನು ಕಡಿಮೆಯಾಗುತ್ತದೆ ಎನ್ನುವುದೊಂದೇ ಚಿಂತೆ. ಈ ಲೋಕದಲ್ಲಿ ಆ ತೆರೆಸಾ ಉಳಿದದ್ದು ಆ ಒಂದು ಬಟ್ಟೆಯ ಮೇಲೆ ಮಾತ್ರ. ನೀನು ಅವಳಿಗೂ ಸುದ್ದಿ ಮುಟ್ಟಿಸಿಬಿಟ್ಟೆ. ಈಗ ಬಾಯಿ ಮಗನನ್ನು ಬೈಯುತ್ತಿದೆ, ಕಣ್ಣು ಅವನ ಪೆಟ್ಟಿಗೆಯನ್ನು ನೋಡುತ್ತಿದೆ.

ನಿನ್ನ ಅಪ್ಪನ ಮಾತು ಓದಿದಾಗಲೇ ನನಗೆ ಹೊಳೆಯಬೇಕಿತ್ತು. ಆದರೆ ಕಣ್ಣು ನಾನು ಬರೆಯಲಾ ಎಂದು ನನ್ನನ್ನು ಒಂದು ಸಾಲು ಕೇಳಿದ್ದರೆ ಎಂತ ಆಗುತ್ತಿತ್ತು? ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗೆ ಆಯಿತು ಎಂದು ಮಕ್ಕಳಿಗೆ ತಮಾಷೆಗೆ ಹೇಳುತ್ತಿದ್ದೆ. ಇದು ತಮಾಷೆ ಅಲ್ಲ.

ತೆರೆಸಾ

* * *

ಕಾವೂರು
12 ಏಪ್ರಿಲ್ 2025

ಟೀಚರ್,

ನಿಮ್ಮ ಕಾಗದ ಓದಿ ಎರಡು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಅಮ್ಮನ ಹತ್ತಿರ ಜ್ವರ ಎಂದೆ.

ಹೌದು, ನನ್ನದೇ ಕೈ. ಆದರೆ ನೀವು ಬರೆದದ್ದೆಲ್ಲ ನ್ಯಾಯ ಎಂದು ನನಗೆ ಅನಿಸುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಾನು ಕದ್ದು ಮಾಡಿದ್ದಲ್ಲ, ಅಪ್ಪ ಹೇಳಿದ್ದನ್ನೂ ನಿಮಗೆ ಬರೆದಿದ್ದೆ. "ಕಣ್ಣು ಬರೆದನೋ ಇಲ್ಲವೋ" ಎಂದು ನೀವು ಕೇಳಿದಿರಿ. ಇಲ್ಲ ಟೀಚರ್, ಆ ಜಾಗದಲ್ಲಿ ಬರೀ ಕಂದು ಬಣ್ಣ ತೆಳ್ಳಗೆ ಬಳಿದಿದೆ, ಎರಡು ಗುಂಡಿಯ ಹಾಗೆ ಕಾಣುತ್ತದೆ ಎಂದು ಮಗನನ್ನು ಕಳಕೊಂಡ ತಾಯಿಗೆ ನೇರವಾಗಿ ಹೇಗೆ ಬರೆಯಲಿ? ನೀವು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕಣ್ಣಿಲ್ಲದ ನಿಮ್ಮ ಮುಖವನ್ನೇ ನೋಡಬೇಕಾ? ನನ್ನಿಂದ ಆಗಲಿಲ್ಲ. ಅದರ ಮೇಲೆ ಅಪ್ಪನ ಮಾತು.

ಬಂದವರೆಲ್ಲ ಆ ಚಿತ್ರದ ಎದುರೇ ನಿಂತರು. ಒಬ್ಬರು ಕಣ್ಣು ಒರೆಸಿಕೊಂಡರು. ಪೇಪರಿನವರು ಫೋಟೋ ಹಾಕಿದರು. "ಈ ಹುಡುಗ ತಾಯಿಯನ್ನು ಎಷ್ಟು ಪ್ರೀತಿಸಿದ್ದ, ಕಣ್ಣಲ್ಲೇ ಗೊತ್ತಾಗ್ತದೆ" ಎಂದು ಒಬ್ಬ ಹೆಂಗಸು ನನ್ನ ಹತ್ತಿರವೇ ಹೇಳಿದರು. ನಾನು ಹೌದು ಎಂದೆ. ಆಗ ನನಗೆ ಒಳಗೆ ಸಂತೋಷವೇ ಆಗಿತ್ತು. ಈಗ ಆ ಪೇಪರನ್ನು ಮಡಚಿ ಹಾಸಿಗೆಯ ಅಡಿಗೆ ಹಾಕಿದ್ದೇನೆ.

ರೂಬನ್ ಮೊದಲೇ ಬೇಡ ಎಂದಿದ್ದ. "ಸತ್ತವನ ಬ್ರಷ್ಷಿಗೆ ಕೈ ಹಾಕಬೇಡ ಮಾರಾಯ್ತಿ" ಎಂದ. ನಾನು ಕೇಳಲಿಲ್ಲ. "ನಿನಗೆ ಲೈಟ್ ಹಾಕಲಿಕ್ಕೇ ಬರುವುದಿಲ್ಲ, ನನಗೆ ಬುದ್ಧಿ ಹೇಳ್ತೀಯಾ" ಎಂದೆ. ಕಣ್ಣು ಬರೆಯಲು ನನ್ನ ಹತ್ತಿರ ನಿಮ್ಮ ಫೋಟೋ ಇರಲಿಲ್ಲ. ಕಣ್ಣು ಮುಚ್ಚಿ ನೆನಪು ಮಾಡಿದೆ. ನಾನು ನಿಮ್ಮನ್ನು ಸರಿಯಾಗಿ ನೋಡಿದ್ದು ಜೀವಮಾನದಲ್ಲಿ ಒಂದೇ ದಿನ. ಆ ದಿನದ ಕಣ್ಣು ಎಂದು ನನಗೆ ಹೊಳೆಯಲೇ ಇಲ್ಲ. ದೇವರಾಣೆ ಹೊಳೆಯಲಿಲ್ಲ ಟೀಚರ್. ಚೆನ್ನಾಗಿ ಬಂತು, ಜೀವ ಬಂತು ಎಂದು ಕುಣಿದೆ.

ಈಗ ಕಾಲೇಜಿನಲ್ಲಿ, ಪ್ರದರ್ಶನ ಮಾಡಿ ಎಂತ ಕಲಿತಿರಿ ಎಂದು ಒಬ್ಬೊಬ್ಬರೂ ಬರೆದುಕೊಡಬೇಕು. ಸುಘೋಷ ಮೊಳೆ ಇಲ್ಲದೆ ಚಿತ್ರ ನಿಲ್ಲಿಸುವುದರ ಬಗ್ಗೆ ಬರೆದ. ರೈಹಾನಾ, ಚಿತ್ರ ನೋಡಲು ಬಂದವರಿಗೆ ಕೂರಲು ನಾಲ್ಕು ಕುರ್ಚಿ ಹಾಕಬೇಕಿತ್ತು ಎಂದು ಬರೆದಳು. ನಾನು ನಿಮ್ಮನ್ನು ಕೇಳಲಿಲ್ಲ ಎಂದು ಬರೆದು, ಹರಿದು ಹಾಕಿದೆ. ಅದಕ್ಕೆ ಮಾರ್ಕು ತೆಗೆದುಕೊಳ್ಳುವ ಮನಸ್ಸು ಬರಲಿಲ್ಲ.

ನನ್ನ ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ. ತೆಗೆಯಬಹುದು ಎಂದು ನಮಗೆ ಪೇಂಟಿಂಗ್ ಕಲಿಸುವ ಸರ್ ಹೇಳುತ್ತಾರೆ. ತೆಗೆಯಲಾ? ಈ ಸಲ ಕೇಳುತ್ತಿದ್ದೇನೆ.

ಭಾರ್ಗವಿ

* * *

ಕುಲಶೇಖರ
16 ಏಪ್ರಿಲ್ 2025

ಭಾರ್ಗವಿ,

ತೆಗಿ.

ನಿನಗೆ ಗುಂಡಿಯ ಹಾಗೆ ಕಂಡಿತು. ನನಗೆ ಅದು ಅವನು ಇನ್ನೊಂದು ಸಲ ಬರುತ್ತೇನೆ ಎಂದು ಬಿಟ್ಟುಹೋದ ಜಾಗ. "ಇನ್ನೊಂದು ಸಲ ಕೂರಬೇಕು ಮಮ್ಮೀ" ಎಂದಿದ್ದನಲ್ಲ, ಆ ಸಲ ಇನ್ನೂ ಅಲ್ಲೇ ಉಂಟು. ನಾನು ಅದರ ಎದುರು ಕೂರುತ್ತೇನೆ. ದಿನಾ ಕೂರುತ್ತೇನೆ. ಹುಚ್ಚು ಎಂದರೆ ಹುಚ್ಚು.

ನೀನು ಕೆಟ್ಟ ಹುಡುಗಿ ಎಂದು ನಾನು ಹೇಳಲಿಲ್ಲ. ಪ್ರೀತಿಯಿಂದಲೇ ಮಾಡಿದ್ದಿ. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯಲೂ ಕಷ್ಟ, ಅದೇ ನನ್ನ ಸಂಕಟ.

ಈಸ್ಟರ್ ಕಳೆದ ಮೇಲೆ ಮನೆಗೆ ಮುಟ್ಟಿಸು. ಅವನ ರೂಮಿನಲ್ಲಿ ಜಾಗ ಮಾಡಿದ್ದೇನೆ.

ತೆರೆಸಾ

* * *

ಕಾವೂರು
28 ಏಪ್ರಿಲ್ 2025

ಟೀಚರ್,

ಈ ಕಾಗದ ಬರೆಯಲು ಕೂತು ಎದ್ದು, ಕೂತು ಎದ್ದು, ಅಮ್ಮ "ನಿನಗೆ ಎಂತ ಆಗಿದೆ" ಎಂದು ಕೇಳಿದರು. ಸುತ್ತಿ ಬಳಸಿ ಹೇಳುವುದಿಲ್ಲ. ಹಾಳಾಯಿತು.

ಶನಿವಾರ ಬೆಳಿಗ್ಗೆ ಮಾಡಿದೆವು. ಸರ್ ಪಕ್ಕದಲ್ಲೇ ಇದ್ದರು. ಅಪ್ಪನ ಹಳೆ ಪಂಚೆಯ ಮೆತ್ತನೆ ತುಂಡಿಗೆ ಬಣ್ಣ ಕರಗಿಸುವ ಟರ್ಪೆಂಟೈನ್ ಮುಟ್ಟಿಸಿ, ಉಜ್ಜದೆ, ಬರೀ ಒತ್ತಿ ಒತ್ತಿ ತೆಗೆಯಬೇಕು ಎಂದರು. ರೂಬನ್ ಚಿತ್ರವನ್ನು ಹಿಡಿದುಕೊಂಡ. ಬಲಗಣ್ಣಿನಿಂದ ಸುರು ಮಾಡಿದೆ. ನನ್ನ ಬಿಳಿ ಬಂತು, ನನ್ನ ಕಪ್ಪು ಬಂತು. ಸುಲಭವಾಗಿ ಬರುತ್ತಿದೆ ಎಂದು ನನಗೆ ಧೈರ್ಯ ಬಂತು. ಬಟ್ಟೆ ಮಗುಚಿ ಇನ್ನೊಮ್ಮೆ ಒತ್ತಿದೆ. ಈ ಸಲ ಕಂದು ಬಂತು.

ಕಂದು ನಾನು ಹಾಕಿರಲಿಲ್ಲ ಟೀಚರ್. ಅದು ಅವನದು. ಅವನು ಆ ಜಾಗದಲ್ಲಿ ಎಣ್ಣೆ ಕಡಿಮೆ, ಟರ್ಪೆಂಟೈನ್ ಜಾಸ್ತಿ ಹಾಕಿ ನೀರಿನಷ್ಟು ತೆಳ್ಳಗೆ ಬಳಿದಿದ್ದ. ಅಂಥ ಬಣ್ಣಕ್ಕೆ ಹಿಡಿತ ಇರುವುದಿಲ್ಲವಂತೆ. ನನ್ನ ಬಣ್ಣ ಅದರೊಳಗೇ ಇಳಿದು ಎರಡೂ ಒಂದಾಗಿತ್ತು. ರೈಹಾನಾ "ಮುಟ್ಟಬೇಡ, ಇನ್ನು ಮುಟ್ಟಬೇಡ" ಎಂದು ಕೂಗಿ ನನ್ನ ಕೈ ಎಳೆದಳು. ಅಷ್ಟರಲ್ಲಿ ಆಗಿಹೋಗಿತ್ತು. ಕ್ಯಾನ್ವಾಸಿನ ಬಿಳಿ ನೂಲು ಕಾಣುತ್ತಿದೆ. ಅಲ್ಲಿ ಈಗ ನಾನೂ ಇಲ್ಲ, ಅವನೂ ಇಲ್ಲ.

ಸರ್ ತಲೆ ಮೇಲೆ ಕೈ ಹೊತ್ತು ಕೂತರು. ರೂಬನ್ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನೇ ಕೂಗಾಡಿದೆ, ನಿನಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ ಎಂದು. ಅವನು ಚಿತ್ರ ಹಿಡಿದೇ ನಿಂತಿದ್ದ.

ಎಡಗಣ್ಣು ಹಾಗೇ ಉಂಟು. ಮುಟ್ಟಲಿಲ್ಲ. ಅದನ್ನೂ ತೆಗೆದರೆ ಅದರ ಅಡಿಯಲ್ಲಿರುವ ಅವನದೂ ಹೋಗುತ್ತದೆ. ಬಿಟ್ಟರೆ ನನ್ನ ಕಣ್ಣು ನಿಮ್ಮನ್ನು ನೋಡುತ್ತಾ ಇರುತ್ತದೆ. ಎರಡರಲ್ಲಿ ಯಾವುದು ಎಂದು ನಾನು ಹೇಳುವ ಹಾಗಿಲ್ಲ. ನಿಮ್ಮ ಎದುರು ಬಂದು ನಿಲ್ಲಲು ನನಗೆ ಮುಖ ಇಲ್ಲ. ರೂಬನ್ ಅವನ ಚಿಕ್ಕಪ್ಪನ ಟೆಂಪೋದಲ್ಲಿ ತಂದುಕೊಡುತ್ತಾನೆ.

ಟೀಚರ್, ನಾನು ಬ್ರಷ್ ಹಿಡಿಯದೆ ಹತ್ತಿರ ಹತ್ತಿರ ಒಂದು ತಿಂಗಳಾಯಿತು. ಪರೀಕ್ಷೆ ಉಂಟು. ಆಗುವುದಿಲ್ಲ.

ಭಾರ್ಗವಿ

* * *

ಕುಲಶೇಖರ
8 ಮೇ 2025

ಭಾರ್ಗವಿ,

ಚಿತ್ರ ಬಂತು. ರೂಬನ್ ಒಳಗೆ ತಂದು ಇಟ್ಟ. ಒಂದು ಲೋಟ ಚಾ ಕುಡಿ ಎಂದೆ, ಕೂರಲಿಲ್ಲ. ಮೆಟ್ಟಿಲು ಇಳಿಯುವಾಗ ಅತ್ತ.

ಮೊದಲ ದಿನ ಗೋಡೆಗೆ ಮುಖ ಮಾಡಿ ಇಟ್ಟೆ. ಮರುದಿನ ತಿರುಗಿಸಿದೆ. ನಾನು ಏನೆಲ್ಲ ನೆನೆಸಿದ್ದೆನೋ ಅದಕ್ಕಿಂತಲೂ ಕೆಟ್ಟದಾಗಿದೆ. ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಸತ್ತವನ ತಾಯಿ. ಅಲೆಕ್ಸ್ ವಿಡಿಯೋದಲ್ಲಿ ತೋರಿಸು ಎಂದು ಪಕ್ಕದ ಮನೆ ಟಾನ್ಯಾಳ ಫೋನಿಗೆ ಹೇಳಿ ಕಳಿಸಿದ್ದರು. ನಾನು ತೋರಿಸಲಿಲ್ಲ. ಮಳೆಗಾಲ ಕಳೆದು ಬಂದಾಗ ನೋಡಲಿ.

ಎಡಗಣ್ಣನ್ನು ಮುಟ್ಟುವುದು ಬೇಡ. ಅದರ ಅಡಿಯಲ್ಲಿ ಅವನದು ಉಂಟು ಎಂದಿಯಲ್ಲ. ಕಾಣದಿದ್ದರೂ ಇರಲಿ.

ಕ್ಷಮಿಸಿದ್ದೇನೆ ಎಂದು ನಿನಗೆ ಬರೆಯಬೇಕು ಎಂದು ಪಾದ್ರಿಯವರು ಹೇಳಿದರು. ಕೂತೆ, ಬರೆಯಲಾಗಲಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲ. ಇನ್ನೊಮ್ಮೆ ಯಾವಾಗಲಾದರೂ ನೋಡುವ. ಆದರೆ ನೀನು ಪರೀಕ್ಷೆ ತಪ್ಪಿಸಬೇಡ. ಅವನ ಹೆಸರು ಹೇಳಿಕೊಂಡು ಯಾರೂ ಫೇಲ್ ಆಗುವುದು ನನಗೆ ಬೇಡ. ಹೋಗಿ ಬರಿ.

ಇನ್ನೊಂದು ಕೇಳಲಿಕ್ಕೆ ಉಂಟು. ಇದನ್ನು ಕೇಳಲಿಕ್ಕಾಗಿಯೇ ಈ ಕಾಗದ. ನೀನು ಒರೆಸಿದೆಯಲ್ಲ, ನಿನ್ನ ಅಪ್ಪನ ಪಂಚೆಯ ತುಂಡು, ಅದನ್ನು ಎಂತ ಮಾಡಿದೆ? ಕಂದು ಬಣ್ಣ ಬಂತು ಎಂದು ಬರೆದಿದ್ದಿ. ಆ ಬಣ್ಣ ಅವನು ಕೈಯಾರೆ ಕಲಸಿದ್ದು. ಎಸೆದಿದ್ದರೆ ಎಸೆದೆ ಎಂದು ಹೇಳಿಬಿಡು, ಸಮಾಧಾನಕ್ಕೆ ಏನೂ ಹೇಳಬೇಡ. ಎಸೆಯದಿದ್ದರೆ ಅದು ನನಗೆ ಬೇಕು. ಒಗೆಯಬೇಡ. ಪೋಸ್ಟಿಗೂ ಹಾಕಬೇಡ, ರೂಬನ್ ಕೈಯಲ್ಲೂ ಕೊಡಬೇಡ. ನೀನೇ ತಂದುಕೊಡು.

ತೆರೆಸಾ